ಬರಿಗೈಲಿ ಬಂದವನ ಭೇಟಿ

"ನನ್ನನ್ನು ಕಂಡವರು ನನ್ನನ್ನು ಮರೆತಾರು, ನಾನು ಕಂಡವರನ್ನು ನಾನು ಮರೆತದ್ದಿಲ್ಲ!" ಎಂದು ಕರಡಿಗುಡ್ಡದ ದೊರೆ ಚೆನ್ನವೀರನಾಯಕ ತುಂಬಿದ ಆಸ್ಥಾನದಲ್ಲಿ ಮೀಸೆ ತಿರುವಿದ.

ಹಾಗೆ ಹೇಳಲು ಅವನಿಗೊಂದು ಆಧಾರವಿತ್ತು. ಅರಮನೆಯಲ್ಲಿ ಮಂಚದಷ್ಟು ದೊಡ್ಡ ಭೇಟಿ ಪುಸ್ತಕವಿತ್ತು. ದೊರೆ ಯಾರನ್ನು ಕಂಡ, ಅವರು ಏನು ತಂದರು, ಎಷ್ಟು ಬಾಗಿದರು, ಎಲ್ಲ ಅದರಲ್ಲಿ ದಾಖಲು. ಬರೆಯುವವನು ಆಸ್ಥಾನದ ಅಳಸಿಂಗಯ್ಯ. ನೆರೆಯ ಪಾಳೆಯಗಾರ ಕೊಟ್ಟ ಗಿಳಿ ದೊರೆಯ ಕಿವಿ ಕಚ್ಚಿದ್ದನ್ನು ಸಹ ಅವನು "ಗಿಳಿ ಗುಟ್ಟು ಹೇಳಿತು" ಎಂದು ಬರೆದಿದ್ದ. ಕೆಲಸ ಉಳಿಯಬೇಕಲ್ಲ!

ಭೇಟಿಗೆ ದೊರೆಯ ಕಟ್ಟಳೆ ಮೂರು. ಮೈಮೇಲೆ ಒಳ್ಳೆ ಉಡುಪು, ಕೈಯಲ್ಲಿ ಕಾಣಿಕೆ, ಜೊತೆಗೆ ದೊಡ್ಡವರ ಪರಿಚಯ ಪತ್ರ. ಇಲ್ಲದವರು ಹೆಬ್ಬಾಗಿಲಿನಿಂದಲೇ ವಾಪಸು. ಅಂಥವರ ಪರವಾಗಿ ಬಾಯಿ ಬಿಟ್ಟವನಿಗೆ ಅಂದೇ ಕೆಲಸ ಹೋಯಿತು.

ಆ ವಾರ ಹಾಗೆ ಮೂರು ಸಲ ವಾಪಸಾದವಳು ಸಿದ್ದಜ್ಜಿ. ವಯಸ್ಸು ಎಂಬತ್ತು, ಉಟ್ಟದ್ದು ತೇಪೆ ಸೀರೆ. ಒಂದು ಕಾಲಕ್ಕೆ ಊರಿನ ಮನೆಮನೆಗೂ ಬೇಕಾಗಿದ್ದವಳು. ಅವಳ ಗುಡಿಸಲು ಇದ್ದದ್ದು ಅರಮನೆಯ ಎದುರಿಗೆ. ದೊರೆಯ ಐವತ್ತನೆಯ ವರ್ಧಂತಿಯಾದ ಮೇಲೆ ಪಕ್ಕದ ರಾಜ್ಯದ ಅರಸ ಆನೆಯ ಮೇಲೆ ಭೇಟಿಗೆ ಬರುವವನಿದ್ದ. ಅವನಿಗಾಗಿ ಅಲ್ಲೊಂದು ಕಮಾನು ಏಳಬೇಕು, ಆದ್ದರಿಂದ ಗುಡಿಸಲು ಬೀಳಬೇಕು.

"ನನ್ನ ಗಂಡ ಕಟ್ಟಿದ ಗೋಡೆ ಬುದ್ಧಿ," ಎಂದು ಮುದುಕಿ ಅಳಸಿಂಗಯ್ಯನ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಈ ವಯಸ್ನಾಗೆ ಎಲ್ಲಿಗೆ ಹೋಗ್ಲಿ? ದೊರೆಗೆ ಒಂದು ಮಾತು ಹೇಳಕ್ಕೂ ಬಿಡಾಕಿಲ್ಲ ಅಂತಾರಲ್ಲ!"

ಅಳಸಿಂಗಯ್ಯ ಕೈಯಲ್ಲಿದ್ದ ಲೇಖನಿ ಕೆಳಗಿಟ್ಟ. "ನಾಳೆ ಒಂದು ದಿನ ತಾಳು ಅಜ್ಜಿ," ಎಂದ.

ಮರುದಿನವೇ ವರ್ಧಂತಿ. ಅಳಸಿಂಗಯ್ಯ ಭೇಟಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಅರ್ಧ ಆಸ್ಥಾನ ತೂಕಡಿಸಿತು. ದೊರೆ ಮಾತ್ರ ಅರಳಿದ್ದ. ಆಗಲೇ ಅವನು ಮೀಸೆ ತಿರುವಿ ಆ ಮಾತು ಹೇಳಿದ್ದು.

"ಎಲ್ಲ ಸರಿ ಮಹಾಸ್ವಾಮಿ," ಎಂದ ಅಳಸಿಂಗಯ್ಯ, "ಒಂದು ಭೇಟಿ ಬಿಟ್ಟುಹೋಗಿದೆ."

ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು.

"ಬಿಟ್ಟುಹೋಗಿದೆಯೇ? ಸುಳ್ಳಾದರೆ ನಿನ್ನ ಮೀಸೆ ಬೋಳಿಸುತ್ತೇನೆ!"

"ಆಗಲಿ. ಇದೇ ಊರಿನಲ್ಲಿ ನಡೆದದ್ದು. ಒಬ್ಬ ಮನುಷ್ಯ ದೊಡ್ಡವರೊಬ್ಬರ ಕೈಗೆ ಬಂದ. ಬಂದವನು ಬರಿಗೈಲಿ ಬಂದ."

"ಛೀ! ಒಂದು ನಿಂಬೆಹಣ್ಣೂ ಇಲ್ಲದೆ?"

"ಇಲ್ಲ. ಪರಿಚಯ ಪತ್ರವಂತೂ ಮೊದಲೇ ಇಲ್ಲ. ತಲೆಗೆ ಪೇಟ ಇಲ್ಲ. ಪೇಟ ಹಾಳಾಗಲಿ, ಸೊಂಟಕ್ಕೆ ಒಂದು ಚಿಂದಿಯೂ ಇರಲಿಲ್ಲ."

"ಶಿವ ಶಿವಾ!" ಎಂದು ದೊರೆ ಕಿವಿ ಮುಚ್ಚಿಕೊಂಡ.

"ಸಾಲದ್ದಕ್ಕೆ ಬೀದಿಗೆಲ್ಲ ಕೇಳುವಂತೆ ಕಿರುಚಾಡಿದ. ಇಂಥವನಿಗೆ ಏನು ಶಿಕ್ಷೆ ಮಹಾಸ್ವಾಮಿ?"

"ಕೇಳಬೇಕೇ? ಆ ದೊಡ್ಡವರ ಮನೆ ಬಾಗಿಲಲ್ಲಿ ನಡುಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಬೇಕು. ಅವರಾಗಿ ಒಳಗೆ ಕರೆಯುವ ತನಕ ಕದಲಕೂಡದು. ಇದು ನನ್ನ ಆಜ್ಞೆ, ಬರೆದುಕೋ!"

ಅಳಸಿಂಗಯ್ಯ ನಿಧಾನವಾಗಿ ಬರೆದುಕೊಂಡ. ಮುದ್ರೆಯನ್ನೂ ಒತ್ತಿಸಿಕೊಂಡ.

"ಅಂದು ಆ ದೊಡ್ಡವರು ಅವನನ್ನು ಹೊರಗೆ ಹಾಕಲಿಲ್ಲ ಮಹಾಸ್ವಾಮಿ. ಕುಂಡೆಗೆ ಎರಡು ಬಾರಿಸಿದರು. ಬಿಸಿನೀರು ಹುಯ್ದರು. ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡರು."

ದೊರೆಯ ಹುಬ್ಬು ಗಂಟಾಯಿತು. "ಎಂಥ ಭೇಟಿಯಯ್ಯ ಇದು? ಯಾವಾಗ ನಡೆದದ್ದು?"

"ಇವತ್ತಿಗೆ ಸರಿಯಾಗಿ ಐವತ್ತು ವರ್ಷದ ಹಿಂದೆ. ಬಂದವರು ತಾವೇ. ತಮ್ಮನ್ನು ಮೊದಲು ಎತ್ತಿಕೊಂಡವಳು ಸೂಲಗಿತ್ತಿ ಸಿದ್ದಜ್ಜಿ. ಅವಳನ್ನು ನಮ್ಮ ಬಾಗಿಲಲ್ಲಿ ಮೂರು ಸಲ ಹಿಂದಕ್ಕೆ ಕಳಿಸಿದ್ದೇವೆ. ಕಮಾನಿಗಾಗಿ ನಾವು ಕೆಡವುತ್ತಿರುವುದು ಅವಳ ಗುಡಿಸಲನ್ನು."

ತೆರೆಯ ಹಿಂದಿನಿಂದ ರಾಜಮಾತೆ ನಕ್ಕದ್ದು ಎಲ್ಲರಿಗೂ ಕೇಳಿಸಿತು.

"ಅವನು ಹೇಳಿದ್ದು ನಿಜ ಕಣೋ ಚೆನ್ನ. ಆ ಎರಡು ಏಟು ಬೀಳದಿದ್ದರೆ ನೀನು ಉಸಿರೇ ಆಡುತ್ತಿರಲಿಲ್ಲ. ನಾನೂ ಅವಳನ್ನು ಮರೆತೆನಲ್ಲ, ನನಗೂ ನಾಚಿಕೆಯಾಗಬೇಕು."

ದೊರೆಯ ಮುಖ ಕೆಂಪಾಯಿತು, ಆಮೇಲೆ ಪೆಚ್ಚಾಯಿತು. ಕೊನೆಗೆ ಅವನೂ ತಡೆಯಲಾರದೆ ಹೊಟ್ಟೆ ಹಿಡಿದು ನಕ್ಕ. "ನಿನ್ನ ಮೀಸೆ ಉಳಿಯಿತು ಅಳಸಿಂಗಯ್ಯ. ಹಾಳಾದ ಕಮಾನು ಹತ್ತು ಮಾರು ಆಚೆಗೆ ಏಳಲಿ. ಆನೆಗೇನು ಕಾಲಿಲ್ಲವೇ, ಸುತ್ತಿಕೊಂಡು ಬರುತ್ತದೆ. ಆದರೆ ಆ ಶಿಕ್ಷೆ..."

"ಮುದ್ರೆ ಬಿದ್ದಿದೆ, ಮಹಾಸ್ವಾಮಿ."

ನಡುಮಧ್ಯಾಹ್ನ ಕರಡಿಗುಡ್ಡದ ದೊರೆ ಜರಿಪೇಟ ಸುತ್ತಿ, ಒಂದು ಕೈಯಲ್ಲಿ ಹೊಸ ಸೀರೆ, ಇನ್ನೊಂದರಲ್ಲಿ ಬಾಳೆಗೊನೆ ಹಿಡಿದು ಗುಡಿಸಲ ಮುಂದೆ ಬೆವರುತ್ತ ನಿಂತ. ಊರೆಲ್ಲ ನೆರೆದಿತ್ತು. ಅಳಸಿಂಗಯ್ಯ ಪುಸ್ತಕ ಬಿಚ್ಚಿಕೊಂಡು ಪಕ್ಕದಲ್ಲೇ ಇದ್ದ.

ಸಿದ್ದಜ್ಜಿ ಕದ ತೆರೆದು, ಹಣೆಗೆ ಕೈಯಡ್ಡ ಹಿಡಿದು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುರುತು ಸಿಕ್ಕಿತು. ಬೊಚ್ಚುಬಾಯಿ ಅಗಲವಾಯಿತು.

"ವಾಸಿ ಕಣಪ್ಪ," ಎಂದಳು. "ಈ ಸಲನಾದ್ರೂ ಬಟ್ಟೆ ಹಾಕ್ಕೊಂಡು ಬಂದಿದ್ದೀಯ. ಬಾ, ಒಳಕ್ಕೆ ಬಾ!"