ಕದತೆಗೆಯವ್ವನ ದಿಣ್ಣೆ

ನೀಲಗಿರಿಯ ಬಡಗು ಅಂಚಿನಲ್ಲಿ, ಗುಂಡ್ಲುಪೇಟೆಯ ಬಯಲು ಕೆಳಗೆ ಹಾಸಿದ ಹಳೆಯ ಕಂಬಳಿಯಂತೆ ಕಾಣುವ ಕಡೆ, ಮರಗಳಿಲ್ಲದ ಒಂದು ಹುಲ್ಲುದಿಣ್ಣೆ ಇದೆ. ರಸ್ತೆಬದಿಯ ಫಲಕ ಅದನ್ನು ‘ಕದತೆಗೆಯಮ್ಮ ವ್ಯೂ ಪಾಯಿಂಟ್’ ಎಂದು ಕರೆದು ಗೌರವಿಸಿದೆ. ಸುತ್ತಿನವರ ಬಾಯಲ್ಲಿ ಮಾತ್ರ ಅದು ಕದತೆಗೆಯವ್ವನ ದಿಣ್ಣೆಯೇ. ನೆತ್ತಿಯಲ್ಲಿ ತೇಗದ ಒಂದು ಬಾಗಿಲುವಾಡ ನಿಂತಿದೆ. ಅದಕ್ಕೆ ಗೋಡೆಯಿಲ್ಲ, ಸೂರಿಲ್ಲ, ಕದವಂತೂ ಇಲ್ಲವೇ ಇಲ್ಲ. ಹೊಸ್ತಿಲಿಗೆ ಅರಿಸಿನ ಬಳಿದು ಕುಂಕುಮವಿಟ್ಟಿರುತ್ತಾರೆ. ಬೇರೆ ದೇವತೆಗಳಿಗೆ ಹರಕೆಯೆಂದು ಗಂಟೆ ಕಟ್ಟುವವರುಂಟು, ತೊಟ್ಟಿಲು ಕಟ್ಟುವವರುಂಟು. ಈ ತಾಯಿಗೆ ತಮ್ಮ ಮನೆಯ ಚಿಲಕವನ್ನೇ ಕಿತ್ತು ತಂದು ಒಪ್ಪಿಸುತ್ತಾರೆ. ತುಕ್ಕು ಹಿಡಿದ ಅಗುಳಿ, ಕೊಂಡಿ, ಹಿತ್ತಾಳೆಯ ಬೋಲ್ಟುಗಳ ಗುಡ್ಡೆಯೇ ಅಲ್ಲಿ ಬಿದ್ದಿದೆ. ಬಂದವರು ಬಾಗಿಲುವಾಡದ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಹೊಸ್ತಿಲಿಗೆ ಅಡ್ಡವಾಗಿ ಬಹಳ ಹೊತ್ತು ನಿಂತರೆ ಕಡಲೆಕಾಯಿ ಮಾರುವ ಹೆಂಗಸು ಗದರುತ್ತಾಳೆ: “ದಾರಿ ಬುಡ್ರವ್ವ, ಓಡಾಡೋರು ಇರ್ತಾರ.” ಸುತ್ತ ನೋಡಿದರೆ ಓಡಾಡುವವರು ಯಾರೂ ಇರುವುದಿಲ್ಲ.

ಹಿಂದೆ ಒಮ್ಮೆ, ಘಾಟಿಯನ್ನು ಎತ್ತಿನ ಗಾಡಿಗಳು ಮಾತ್ರ ಹತ್ತುತ್ತಿದ್ದ ಕಾಲದಲ್ಲಿ, ಈ ದಿಣ್ಣೆಯ ಮೇಲೆ ಅರಮನೆಯಂಥ ಹೋಟೆಲೊಂದಿತ್ತು ಎನ್ನುತ್ತಾರೆ. ಕಟ್ಟಿಸಿದವನು ಹಿಮಬೆಟ್ಟಗಳ ದೇಶವಾದ ಸ್ವಿಟ್ಜರ್ಲೆಂಡಿನವನು. ಅವನ ಹೆಸರನ್ನು ಉಚ್ಚರಿಸುವುದು ಇಲ್ಲಿನ ನಾಲಿಗೆಗಳಿಗೆ ಆಗದ ಕೆಲಸವಾದ್ದರಿಂದ ಜಾಕಪ್ಪದೊರೆ ಎಂದು ಇಟ್ಟುಕೊಂಡರು. ಅವನ ಹೆಂಡತಿ ವೆರೇನಾ, ಯಾರ ಅಪ್ಪಣೆಯೂ ಇಲ್ಲದೆ, ವೀರಮ್ಮಳಾದಳು. ಹುಲ್ಲಿನಲ್ಲಿ ಸುತ್ತಿದ ಗಾಜಿನ ಹಲಗೆಗಳು ಗಾಡಿಗಟ್ಟಲೆ ಮೇಲೆ ಬಂದವು. ಗೋಡೆಗಿಂತ ಕಿಟಕಿಯೇ ಹೆಚ್ಚಿದ್ದ ಆ ಕಟ್ಟಡವನ್ನು ಜನ ಗಾಜಿನ ಬಂಗಲೆ ಎಂದರು. ಬೇಸಿಗೆಗೆ ಬೆಟ್ಟ, ಚಳಿಗೆ ಬಯಲು ಎಂಬುದು ಆ ಕಾಲದ ಉಳ್ಳವರ ಪದ್ಧತಿ. ಜಾಕಪ್ಪ ಇದನ್ನು ತಲೆಕೆಳಗು ಮಾಡಲು ಹೊರಟ. ತನ್ನ ದೇಶದಲ್ಲಿ ಜನ ಈಗ ಚಳಿಗಾಲಕ್ಕೇ ಬೆಟ್ಟ ಹತ್ತುತ್ತಾರೆ, ಹಗಲೆಲ್ಲ ಬಿಸಿಲು ಕಾಯುತ್ತಾರೆ, ಹಿಮದ ಮೇಲೆ ಜಾರುತ್ತಾರೆ, ಇಲ್ಲೇಕಾಗದು ಎಂದು ಅವನ ವಾದ. ಮೈಸೂರಿನ ಅಧಿಕಾರಿಗಳಿಗೂ ಮದರಾಸಿನ ವಕೀಲರಿಗೂ ಅವನು ಹೇಳಿಕಳಿಸಿದ್ದು ಒಂದೇ ಮಾತು: ಮಾಗಿಯಲ್ಲಿ ಬನ್ನಿ, ನನ್ನ ಸೂರಿನಡಿ ಒಬ್ಬರಿಗೂ ಚಳಿಯಾಗದು.

ಅಚ್ಚರಿಯೆಂದರೆ ಜನ ಬಂದರು. ಇಲ್ಲಿ ಹಿಮವೇನೂ ಬೀಳುವುದಿಲ್ಲ. ಇಬ್ಬನಿ ಹೆಪ್ಪುಗಟ್ಟಿ, ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬೆಳ್ಳಗೆ ಕೂರುತ್ತದೆ, ಅಷ್ಟೆ. ಆ ಉಪ್ಪಿನ ಮೇಲೆಯೇ ಜಾಕಪ್ಪ ಮರದ ಜಾರುಬಂಡಿಗಳನ್ನು ಬಿಟ್ಟ. ಪೇಟ ಸುತ್ತಿದ ದೊಡ್ಡ ಮನುಷ್ಯರು ಮುಂಜಾನೆಯೇ ಎದ್ದು, ಬಂಡಿಯಲ್ಲಿ ಕೂತು, ಕೂಗಿಕೊಳ್ಳುತ್ತ ದಿಣ್ಣೆಯಿಂದ ಜಾರುವರು. ಬಿಸಿಲೇರಿ ಇಬ್ಬನಿ ಕರಗಿದ ಮೇಲೆ ಒದ್ದೆ ಹುಲ್ಲಿನಲ್ಲಿ ಸಿಕ್ಕಿಕೊಂಡು ಕುಳಿತಿರುವರು. “ಎತ್ತಿಲ್ಲದ ಗಾಡಿ, ಬುದ್ಧಿ ಇಲ್ಲದ ಬುದ್ಧಿಯೋರು,” ಎಂದು ಅಡುಗೆಯ ಆರೋಗ್ಯಪ್ಪ ಬಾಗಿಲಲ್ಲಿ ನಿಂತು ನಗುವನು. “ನಗಬ್ಯಾಡ ಸುಮ್ನಿರು,” ಎಂದು ನಿಂಗಾಜಮ್ಮ ಗದರುವಳು, “ಅವ್ರು ಜಾರುದ್ರ ತಾನೆ ನಿನ್ನ ಒಲ ಉರಿಯೋದು.”

ಈ ನಿಂಗಾಜಮ್ಮ ಬಯಲುಸೀಮೆಯಿಂದ ಘಾಟಿ ಹತ್ತಿ ಬಂದ ಸೂಲಗಿತ್ತಿ. ಬಂಗಲೆಯಲ್ಲಿ ಬಟ್ಟೆ ಒಗೆಯುವ ಕೆಲಸ ಹಿಡಿದಿದ್ದರೂ ಸುತ್ತಲ ಹಟ್ಟಿಗಳ ಹೆರಿಗೆಗಳೆಲ್ಲ ಅವಳ ಕೈಯಲ್ಲೇ. ತನ್ನ ಕೈಯಲ್ಲಿ ಒಬ್ಬ ಬಾಣಂತಿಯೂ ಹೋಗಿಲ್ಲ ಎಂಬುದು ಅವಳ ಮೈಮೇಲಿದ್ದ ಒಂದೇ ಒಡವೆ. ಜಾಕಪ್ಪನ ಮೊದಲ ಮಾಗಿಯಲ್ಲೇ ವೀರಮ್ಮನಿಗೆ ದಿನ ತುಂಬಿತು. ಡಾಕ್ಟರು ಘಾಟಿಯ ಕೆಳಗಿದ್ದರು, ನೋವು ಘಾಟಿಯ ಮೇಲೆ ಬಂತು. ನಿಂಗಾಜಮ್ಮ ಸೀರೆ ಎತ್ತಿ ಕಟ್ಟಿ ಒಳಹೋದಳು, ಹೆಣ್ಣುಮಗುವನ್ನು ಹೊತ್ತು ಹೊರಬಂದಳು.

ಆಮೇಲೆ ದೊರೆಸಾನಿಯ ಬಾಣಂತನವೂ ಅವಳದೇ ಆಯಿತು. ಎರಡು ಕೈಯಲ್ಲಿ ಬಿಸಿನೀರಿನ ಹಂಡೆ ಹಿಡಿದು ಬಂದು, ಮುಚ್ಚಿದ ಬಾಗಿಲ ಹೊರಗೆ ನಿಂತು, “ಕದ ತಗೀಯವ್ವಾ, ಕೈ ಬೇಯ್ತಾ ಅದ!” ಎಂದು ಕೂಗುವಳು. ವೀರಮ್ಮ ಕಲಿತ ಮೊದಲ ಕನ್ನಡ ಅದು. ಬಹಳ ದಿನ ಅದೊಂದೇ. ಅವಳಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ನಿಂಗಾಜಮ್ಮನ ರಾಗವನ್ನೇ ಹಿಡಿದು, ನಮಸ್ಕಾರಕ್ಕೂ ಅದನ್ನೇ, ಹಸಿವಾದರೂ ಅದನ್ನೇ ಹೇಳುವಳು. ಹಾಸಿಗೆಯಲ್ಲಿ ಮಲಗಿದ್ದುಕೊಂಡೇ, ತೆರೆದಿದ್ದ ಬಾಗಿಲಲ್ಲಿ ಒಳಬಂದ ನಿಂಗಾಜಮ್ಮನಿಗೆ, “ಕದ ತಗೀಯವ್ವಾ!” ಎಂದು ಹೇಳಿ ನಗುವಳು. “ಏನ್ ತಗೀಲವ್ವ, ನಿನ್ ತಲ ತಗೀಲಾ?” ಎಂದು ಇವಳೂ ನಗುವಳು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದಿದ್ದರೂ ಅವರ ಹರಟೆಗೆ ಬಿಡುವಿರಲಿಲ್ಲವಂತೆ.

ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡಬೇಕು, ಬಾಣಂತಿಗೆ ಗಾಳಿ ಸೋಕಬಾರದು. ನಿಂಗಾಜಮ್ಮ ತಾಯಿಯಿಂದ ಕಲಿತದ್ದು ಇವೆರಡು. ಕಬ್ಬಿಣದ ಬಾಣಲೆಯಲ್ಲಿ ಇದ್ದಿಲಿನ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ, ಸಾಂಬ್ರಾಣಿ ಉದುರಿಸಿ ಅವಳು ಇಡುತ್ತಿದ್ದ ಅಗ್ಗಿಷ್ಟಿಕೆ ಬೆಳಗಿನವರೆಗೂ ಕಾವು ಕೊಡುತ್ತಿತ್ತು. ಜಾಕಪ್ಪನಿಗೆ ಅದು ಬಹಳ ಮೆಚ್ಚಿಕೆಯಾಯಿತು. ಬೆಂಕಿಗೂಡೂ ಹೊಗೆಗೊಳವೆಯೂ ಇದ್ದದ್ದು ದೊಡ್ಡ ಹಜಾರದಲ್ಲಿ ಮಾತ್ರ. ಮಲಗುವ ಕೋಣೆಗಳಲ್ಲಿ ಚಳಿ ತಡೆಯಲು ಅವನು ತನ್ನ ದೇಶದ ಉಪಾಯ ಮಾಡಿದ್ದ. ಕಿಟಕಿ ಬಾಗಿಲುಗಳ ಸಂದುಸಂದಿಗೂ ಉಣ್ಣೆಯ ಪಟ್ಟಿ ಜಡಿದು, ಅಂಟು ಬಳಿದು, ಇರುವೆಯೂ ನುಸುಳದಂತೆ ಮುಚ್ಚಿಸಿದ್ದ. ವೀರಮ್ಮನ ಕೋಣೆಯಲ್ಲಿ ಮಾತ್ರ ಸೀಳುಬಿಟ್ಟ ಒಂದು ಗಾಜಿನಿಂದ ಗಾಳಿ ಸುಯ್ಯೆನ್ನುತ್ತಿತ್ತು. “ಆ ಸಂದೀಲಿ ಗಾಳಿ ಬತ್ತದ ಬುದ್ಧೀ, ಬಾಣಂತಿಗೆ ಆಗದು, ಮುಚ್ಚಿಸ್ಬುಡಿ,” ಎಂದು ನಿಂಗಾಜಮ್ಮ ದಿನವೂ ಪೀಡಿಸಿದಳು. ಒಂದು ಸಂಜೆ ಅವನು ತಾನೇ ಏಣಿ ಹತ್ತಿ ಮುಚ್ಚಿದ. ಅಂದು ಮಗು ಹಟ ಹಿಡಿದಿತ್ತು. ತಾಯಿ ನೆಮ್ಮದಿಯಾಗಿ ಮಲಗಲಿ ಎಂದು ನಿಂಗಾಜಮ್ಮ ಅಗ್ಗಿಷ್ಟಿಕೆಗೆ ಎರಡು ಹಿಡಿ ಇದ್ದಿಲು ಹೆಚ್ಚಿಗೇ ಹಾಕಿ, ಮಗುವನ್ನು ಸೆರಗಿನಲ್ಲಿ ಸುತ್ತಿ ಅಡುಗೆಮನೆಯ ಒಲೆಯ ಮುಂದಕ್ಕೆ ಒಯ್ದಳು. ಹೋಗುವಾಗ ಕದವನ್ನು ಒತ್ತಿ ಎಳೆದುಕೊಂಡಳು.

ಬೆಳಗ್ಗೆ ಬಿಸಿನೀರು ಹಿಡಿದು ನಿಂತು, “ಕದ ತಗೀಯವ್ವಾ,” ಎಂದಳು. ಒಳಗಿನಿಂದ ನಗು ಬರಲಿಲ್ಲ. ಮೊಣಕೈಯಿಂದ ತಳ್ಳಿ ಒಳಹೋದರೆ ವೀರಮ್ಮ ಮಲಗಿದ್ದಳು, ಕೆನ್ನೆ ಆಗತಾನೆ ಬಿಸಿಲಿನಿಂದ ಬಂದವಳಂತೆ ಕೆಂಪಗಿತ್ತು, ಮೈ ಮಾತ್ರ ಕೊರಡಿನಂತೆ ತಣ್ಣಗೆ ಸೆಟೆದಿತ್ತು. ತಡವಾಗಿ ಘಾಟಿ ಹತ್ತಿ ಬಂದ ಡಾಕ್ಟರು ಬಾಣಂತಿಸನ್ನಿ ಎಂದು ಹೇಳಿ, ಕಾಫಿ ಕುಡಿದು ಇಳಿದುಹೋದರು. ನಿಂಗಾಜಮ್ಮನಿಗೆ ಗೊತ್ತಿದ್ದುದು ಒಂದೇ ಕಾರಣ: ಎಲ್ಲಿಂದಲೋ ಗಾಳಿ ಸೋಕಿದೆ.

ಬಂದಿದ್ದ ಅತಿಥಿಗಳನ್ನು ಕಳಿಸಿಬಿಡಲು ಜಾಕಪ್ಪನಿಗೆ ಮನಸ್ಸಾಗಲಿಲ್ಲವೋ, ಕೈಗೆ ಕೆಲಸವಿಲ್ಲದಿದ್ದರೆ ಹುಚ್ಚು ಹಿಡಿಯುತ್ತದೆಂದು ಹೆದರಿದನೋ, ಬಂಗಲೆ ಮುಚ್ಚಲಿಲ್ಲ. ಹೆಂಡತಿಯನ್ನು ದಿಣ್ಣೆಯ ಮೇಲೆಯೇ ಮಣ್ಣು ಮಾಡಿ, ಮಗುವನ್ನು ನಿಂಗಾಜಮ್ಮನ ಮಡಿಲಿಗೆ ಹಾಕಿ, “ಇದಕ್ಕೆ ಚಳಿಯಾಗಬಾರದು,” ಎಂದನಂತೆ. ಎಲ್ಲಕ್ಕಿಂತ ಬೆಚ್ಚಗಿದ್ದುದು ತಾಯಿಯ ಆ ಕೋಣೆಯೇ ಎಂದು ನಿಂಗಾಜಮ್ಮ ಮಗುವನ್ನು ಅಲ್ಲಿಗೇ ಒಯ್ದು ಅಗ್ಗಿಷ್ಟಿಕೆ ಇಟ್ಟಳು. ಹಟ್ಟಿಯ ಹೆಂಗಸೊಬ್ಬಳು ಬಂದು ಹಾಲೂಡಿಸಿ ಹೋದಳು. ಅಂದು ಸಂಜೆ ಬಂಗಲೆಯಲ್ಲಿ ದೊಡ್ಡ ಔತಣವೂ ಇತ್ತು. ದೊರೆಸಾನಿಯ ಅಗ್ಗಿಷ್ಟಿಕೆಯನ್ನು ಕಂಡು ಅತಿಥಿಗಳ ಹೆಂಡಂದಿರೆಲ್ಲ ತಮಗೂ ಬೇಕೆಂದಿದ್ದರು. ಜಾಕಪ್ಪ ಕಮ್ಮಾರನಿಂದ ಬಾಣಲೆಗಳನ್ನು ಮಾಡಿಸಿ ತರಿಸಿದ್ದ. ಅತಿಥಿಗಳು ಹಜಾರದಲ್ಲಿ ಉಣ್ಣುತ್ತಿರುವಾಗ ಆರೋಗ್ಯಪ್ಪ ಒಂದೊಂದು ಕೋಣೆಗೂ ಕೆಂಡವಿಟ್ಟು ಕದ ಮುಚ್ಚುತ್ತ ಬಂದ.

ದೀಪ ಹಚ್ಚುವ ಹೊತ್ತು. ಮಂಜು ಗಾಜಿಗೆ ಮುಖ ಒತ್ತಿ ನಿಂತಿತ್ತು. ನಿಂಗಾಜಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅಗುಳಿ ಹಾಕಿದ ಬಾಗಿಲಿಗೆ ಎದುರಾಗಿ ಕುಳಿತಿದ್ದಳು. ಹೆತ್ತು ಸತ್ತವಳು ಮಗುವನ್ನು ಹುಡುಕಿಕೊಂಡು ಬಂದೇ ಬರುತ್ತಾಳೆಂದು ಅವಳ ಸೀಮೆಯ ನಂಬಿಕೆ. ಅದಕ್ಕೇ ಹೊಸ್ತಿಲಲ್ಲಿ ಪೊರಕೆಯನ್ನೂ ಹಳೆಯ ಜೋಡನ್ನೂ ಇಟ್ಟಿದ್ದಳು.

“ಕದ ತಗೀಯವ್ವಾ.”

ತನ್ನದೇ ರಾಗ, ಪರದೇಶದ ನಾಲಿಗೆ. ನಿಂಗಾಜಮ್ಮ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಬಯಲಿನಲ್ಲಿ ಕಲಿತ ಮಂತ್ರ ಒಂದಿತ್ತು, ಅದನ್ನೇ ಹೇಳಿದಳು: “ನಾಳ ಬಾ ತಾಯಿ, ನಾಳ ಬಾ.” ಎದ್ದು ಕದದ ಅಡಿಗೆ ಕಂಬಳಿ ತುರುಕಿದಳು. ಮಗುವಿಗೆ ಚಳಿಯಾದೀತೆಂದು ಕೆಂಡದ ಮೇಲೆ ಇನ್ನಷ್ಟು ಇದ್ದಿಲು ಸುರಿದಳು. ದನಿ ಮತ್ತೆ ಬಂತು, ಈ ಸಲ ನಗುವಿಲ್ಲದೆ. “ಹೋಗವ್ವ, ಕೈ ಮುಗಿತೀನಿ. ನಿನ್ನ ಕಾಯಕಾಗ್ನಿಲ್ಲ, ಮೊಗನಾರ ಕಾಯ್ಕತೀನಿ. ಬುಟ್ಬುಡು.” ಮಗು ಅಳು ನಿಲ್ಲಿಸಿತು. ನಿದ್ದೆ ಹತ್ತಿತು, ಕಾವು ಹಿಡಿಯಿತು ಎಂದು ಅವಳು ನಿಟ್ಟುಸಿರು ಬಿಟ್ಟಳು. ತಲೆ ಸಿಡಿಯುತ್ತಿತ್ತು, ದೀಪ ಮಂಕಾಗಿ ಎರಡಾಗಿ ಕಾಣುತ್ತಿತ್ತು, ಕಾಲು ಯಾರದೋ ಕಾಲಿನಂತಿತ್ತು. ಭಯಕ್ಕೆ ಹೀಗಾಗುತ್ತದೆ ಎಂದುಕೊಂಡಳು.

ಮೂರನೆಯ ಸಲ ದನಿ ಬಂದಾಗ ಅವಳ ಕಣ್ಣು ಬಾಗಿಲಿನ ಮೇಲೆಯೇ ನೆಟ್ಟಿತ್ತು. ದನಿ ಬಾಗಿಲಿನಿಂದ ಬರಲಿಲ್ಲ. ಬೆನ್ನ ಹಿಂದಿನಿಂದ ಬಂತು, ಖಾಲಿ ಮಂಚದಿಂದ. ಒಳಗೆ ಬರಬೇಕೆನ್ನುವವರು ಹೊರಗಿನಿಂದ ಕೂಗುತ್ತಾರೆ. ವೀರಮ್ಮ ಒಳಗಿನಿಂದ ಕೂಗುತ್ತಿದ್ದಳು. ಇವಳಿಗೆ ಬೇಕಾಗಿದ್ದುದು ಮಗುವಲ್ಲ. ಸಾಯುವ ರಾತ್ರಿ, ಆ ಮಂಚದ ಮೇಲೆ, ತನಗೆ ಗೊತ್ತಿದ್ದ ಒಂದೇ ಮಾತಿನಲ್ಲಿ ಇವಳು ಎಷ್ಟು ಸಲ ಕೂಗಿದ್ದಳೋ, ತಾನು ಅಡುಗೆಮನೆಯ ಒಲೆಯ ಮುಂದೆ ಮಗುವನ್ನು ತೂಗುತ್ತ ಕೂತಿದ್ದೆನಲ್ಲ ಎಂಬುದು ನಿಂಗಾಜಮ್ಮನಿಗೆ ಆಗ ಹೊಳೆಯಿತು.

ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಮಗುವನ್ನು ಎದೆಗವಚಿ ತೆವಳಿದಳು. ಬೆರಳಿಗೆ ಅಗುಳಿ ಸಿಕ್ಕಿತು, ಸರಿಯಲಿಲ್ಲ. ತಲೆಯಿಂದ ಗುದ್ದಿದಳು, ಸರಿಯಿತು. ಹೊರಗಿನ ಮೊಗಸಾಲೆಯ ಚಳಿ ಮುಖಕ್ಕೆ ಬಡಿಯಿತು. ಮಗು ಹೋಯಿತೆಂದೇ ತಿಳಿದು ಅವಳು ಮೊಗಸಾಲೆಯಿಂದಾಚೆ ಇಬ್ಬನಿಯ ಹುಲ್ಲಿನ ಮೇಲೆ ಅದನ್ನು ಹಾಕಿದಳು, ಯಾವ ಬಾಣಂತನದಲ್ಲೂ ಯಾರೂ ಮಾಡದ ಕೆಲಸವನ್ನು. ತಣ್ಣನೆಯ ಹುಲ್ಲು ಬೆನ್ನಿಗೆ ತಾಕಿದ್ದೇ ಮಗು ಬಿಕ್ಕಿತು. ಆಮೇಲೆ ಕಿರುಚಿತು. ಆ ಕಿರುಚಾಟಕ್ಕೆ ಹಜಾರದಲ್ಲಿ ಪಿಟೀಲು ನಿಂತಿತು ಎನ್ನುತ್ತಾರೆ.

ಊಟ ಮುಗಿಸಿ ಎದ್ದ ಅತಿಥಿಗಳು ಕಂಡದ್ದು, ಬಟ್ಟೆ ಒಗೆಯುವ ಹೆಂಗಸೊಬ್ಬಳು ಮಗುವನ್ನು ಬೆನ್ನಿಗೆ ಕಟ್ಟಿ, ಒನಕೆ ಹಿಡಿದು, ಒಂದೊಂದೇ ಕೋಣೆಯ ಗಾಜು ಒಡೆಯುತ್ತ ಬರುತ್ತಿದ್ದುದನ್ನು. ಹುಚ್ಚು ಹಿಡಿದಿದೆ ಎಂದರು, ದೆವ್ವ ಮೆಟ್ಟಿದೆ ಎಂದರು. ಮದರಾಸಿನ ವಕೀಲರೊಬ್ಬರು ನಷ್ಟ ಕಟ್ಟಿಕೊಡುವವರಾರು ಎಂದು ಕೇಳಿದರು. ಜಾಕಪ್ಪ ಓಡಿಬಂದು ಅವಳ ರಟ್ಟೆ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಸುಮ್ಮನಿದ್ದಿದ್ದರೆ, ತನ್ನ ಕೈಯಿಂದ ಯಾರೂ ಸತ್ತಿಲ್ಲವೆಂಬ ಅವಳ ಒಂದೇ ಒಡವೆ ಉಳಿಯುತ್ತಿತ್ತು. ಬಾಣಂತಿಸನ್ನಿ ಎಂದು ಡಾಕ್ಟರೇ ಹೇಳಿ ಹೋಗಿದ್ದರಲ್ಲ. ಆದರೆ ಕೆಂಡವಿಟ್ಟ ಕೋಣೆಗಳು ಇನ್ನೂ ಉಳಿದಿದ್ದವು.

“ಗಾಳಿ ಸೋಕಿ ಸಾಯ್ನಿಲ್ಲ ಬುದ್ಧೀ ಅವ್ವ,” ಎಂದಳು. “ಗಾಳಿ ಸೋಕ್ದೆ ಸತ್ತಳು. ನಮ್ಮೂರಲ್ಲಿ ಹುಲ್ಲಿನ ಸೂರು, ಕೆಂಡದ ಹೊಗ ಹೊರಕ್ಕ ಹೋಯ್ತದ, ಕಾವೂ ನಿಲ್ಲಲ್ಲ. ಇಲ್ಲಿ ನನ್ನ ಕೆಂಡ, ನಿಮ್ಮ ಗಾಜು, ಎರಡೂ ಸೇರ್ಕಂಡು ತಿಂದವು.”

ಆರೋಗ್ಯಪ್ಪ ಆ ಮಾತನ್ನು ದೊರೆಯ ಭಾಷೆಗೆ ತಿರುಗಿಸಲು ಮುಂದೆ ಬಂದ. ತಿರುಗಿಸುವ ಅಗತ್ಯ ಬೀಳಲಿಲ್ಲ. ಜಾಕಪ್ಪ ಅವಳ ಕೈಯಿಂದ ಒನಕೆ ತೆಗೆದುಕೊಂಡು, ಪಕ್ಕದ ಕೋಣೆಗೆ ಹೋಗಿ ಅಲ್ಲಿನ ಗಾಜನ್ನು ತಾನೇ ಒಡೆದ. ಅತಿಥಿಗಳು ಕಂಬಳಿ ಹೊದ್ದು ಗಡಗಡ ನಡುಗುತ್ತ, ಶಪಿಸುತ್ತ ಬೆಳಗು ಮಾಡಿದರು. ಎಲ್ಲರೂ ಬೆಳಗು ಕಂಡರು. ಯಾರೂ ಮತ್ತೆ ಬರಲಿಲ್ಲ.

ಜಾಕಪ್ಪ ಮಗುವನ್ನು ಕರೆದುಕೊಂಡು ತನ್ನ ದೇಶಕ್ಕೆ ಹಡಗು ಹತ್ತಿದ ಎನ್ನುವವರುಂಟು. ಮಗು ಹಟ್ಟಿಯಲ್ಲೇ ಬೆಳೆದು ಒಳ್ಳೆಯ ಸೂಲಗಿತ್ತಿಯಾಯಿತು ಎನ್ನುವವರೂ ಉಂಟು. ಈ ಎರಡನೆಯವರು ಪುರಾವೆಗೆಂದು ತಮ್ಮ ಮನೆಯ ಬೆಕ್ಕುಗಣ್ಣಿನ ಮಕ್ಕಳನ್ನು ಕರೆದು ತೋರಿಸುತ್ತಾರೆ. ಹೊರಡುವ ಮುನ್ನ ಆ ಕೋಣೆಯ ಕದವನ್ನು ಜಾಕಪ್ಪ ತಿರುಗಣಿಯಿಂದ ಕಳಚಿ ಹಾಕಿದ ಎಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿದೆ. ನಿಂಗಾಜಮ್ಮ ಮಾಗಿ ಬಂದಾಗಲೆಲ್ಲ ಹಟ್ಟಿಯಿಂದ ಹಟ್ಟಿಗೆ ನಡೆದು, ಕೆಂಡವಿಟ್ಟ ಮನೆಗಳ ಮುಂದೆ ನಿಂತು, “ಕದ ತಗೀಯವ್ವಾ” ಎಂದು ಕೂಗುತ್ತಿದ್ದಳಂತೆ. ಅವಳು ತೀರಿಕೊಂಡ ಮೇಲೂ ಆ ಕೂಗು ನಿಲ್ಲಲಿಲ್ಲ. ಅದು ನಿಂಗಾಜಮ್ಮನದೋ ವೀರಮ್ಮನದೋ ಹೇಳುವುದು ಕಷ್ಟ, ರಾಗ ಇಬ್ಬರದೂ ಒಂದೇ. ಜನ ಇಬ್ಬರಿಗೂ ಸೇರಿಸಿ ಒಂದೇ ಹೆಸರಿಟ್ಟು ಕೈಮುಗಿದರು, ದಿಣ್ಣೆಗೂ ಆ ಹೆಸರೇ ನಿಂತಿತು.

ಬಂಗಲೆಯ ತೊಲೆ ಹಲಗೆಗಳು ಸುತ್ತಲ ಮನೆಗಳ ಅಟ್ಟಗಳಾದವು. ಆ ಕೋಣೆಯ ಬಾಗಿಲುವಾಡವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಈಗ ದಿಣ್ಣೆಯ ಕೆಳಗೆ ಹೋಮ್‌ಸ್ಟೇಗಳು ಸಾಲಾಗಿ ಎದ್ದಿವೆ, ಚಳಿಗಾಲಕ್ಕೆ ಕೋಣೆ ಸಿಗುವುದಿಲ್ಲ. ಜಾಕಪ್ಪನ ಲೆಕ್ಕಾಚಾರ ತಪ್ಪಾಗಿರಲಿಲ್ಲ, ತುಸು ಬೇಗ ಹುಟ್ಟಿತ್ತು. ಎಲ್ಲ ಸೌಕರ್ಯಗಳಿರುವ ಆ ಕೋಣೆಗಳಲ್ಲಿ ಒಂದು ಕಿಟಕಿಗೆ ಮಾತ್ರ ಚಿಲಕವಿರುವುದಿಲ್ಲ, ಅದು ಬೆರಳಗಲ ಬಾಯಿ ಬಿಟ್ಟುಕೊಂಡೇ ಇರುತ್ತದೆ. ದೂರು ಹೇಳಿದವರಿಗೆ ಇನ್ನೊಂದು ರಜಾಯಿ ಸಿಗುತ್ತದೆ. ಕೆಲವರು ಚಳಿ ತಾಳಲಾರದೆ ಆ ಸಂದಿಗೆ ಪೇಪರು ಮಡಚಿ ತುರುಕಿ ಮಲಗುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಸಂದಿ ತೆರೆದಿರುತ್ತದೆ. ಗಾಳಿಗೆ ಬಿದ್ದಿರಬೇಕು ಎಂದುಕೊಂಡು ಕೋಣೆಯೆಲ್ಲ ಹುಡುಕುತ್ತಾರೆ, ಮಂಚದ ಕೆಳಗೂ ಬಗ್ಗಿ ನೋಡುತ್ತಾರೆ. ಪೇಪರು ಅಲ್ಲಿರುವುದಿಲ್ಲ. ಅದು ಹೊರಗೆ, ಹುಲ್ಲಿನ ಬಿಳಿಯ ಇಬ್ಬನಿಯ ಮೇಲೆ, ಒಳಗಿನಿಂದ ಯಾರೋ ತಳ್ಳಿದಂತೆ ಬಿದ್ದಿರುತ್ತದೆ.