ಹಿಮಗಡಲಲ್ಲಿ ಕಾದ ಎಂಜಿನ್

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಪಕ್ಕದ ಮನೆಯ ವಾರಿಜಕ್ಕ. ಅವರು ಮಂಜುಗಡ್ಡೆ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ. ಆದರೂ ಇದನ್ನು ಹೇಳುವಾಗ, ಮಂಗಳೂರಿನ ಮೇ ತಿಂಗಳಲ್ಲೂ, ಸೆರಗು ಹೊದ್ದುಕೊಳ್ಳುತ್ತಿದ್ದರು.

ಕಥೆಯಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಗುರುವಿನ ಹೆಸರು ಕಮಲಾಕ್ಷ ಬಂಗೇರ. ಹಿಮ ಒಡೆಯುವ ಹಡಗೊಂದರ ನಕ್ಷೆ ಬರೆದವರು. ಶಿಷ್ಯ ರೋಶನ್ ಲೋಬೊ, ಅದರ ಎಂಜಿನ್‌ಗಳನ್ನು ನೋಡಿಕೊಳ್ಳುವವನು. ಆಶ್ರಮ ಎಂದರೆ ಆ ಹಡಗೇ. ತಪಸ್ಸಿಗೆ ಬೇಕಾದ ಕಷ್ಟಗಳೆಲ್ಲ ಅಲ್ಲಿದ್ದವು.

ಹಡಗು ಮೊದಲ ಬಾರಿ ದಕ್ಷಿಣ ಧ್ರುವದ ಕಡೆ ಹೊರಟಿತ್ತು. ಅಲ್ಲಿನ ಸಂಶೋಧನಾ ನೆಲೆಯಲ್ಲಿ ಚಳಿಗಾಲ ಕಳೆದ ಒಬ್ಬ ಹೆಂಗಸು ಕಾಯಿಲೆ ಬಿದ್ದಿದ್ದಳು. ವಿಮಾನ ಇಳಿಯುವ ಹವೆ ಇರಲಿಲ್ಲ. ಹಡಗೇ ಹೋಗಿ ಕರೆತರಬೇಕು, ಅದೂ ಬೇಗ, ಎಂದಿದ್ದರು ಅಲ್ಲಿನ ವೈದ್ಯರು.

ತೆರೆದ ಕಡಲಲ್ಲಿ ಹಡಗು ವಿಪರೀತ ಹೊಯ್ದಾಡಿತು. ರೋಶನ್ ಬಕೆಟ್ ತಬ್ಬಿಕೊಂಡು ಕೂತ. ಅಡಿಯನ್ನು ಬೇರೆ ಹಡಗುಗಳ ಹಾಗೆ ಸ್ವಲ್ಪ ಚೂಪು ಮಾಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಗುರುವನ್ನೇ ಕೇಳಿದ.

"ಇದರ ಹೊಟ್ಟೆ ಗುಂಡಗಿರೋದು ಈ ನೀರಿಗಲ್ಲ ಮಾರಾಯ," ಎಂದರು ಬಂಗೇರರು. "ನಿನ್ನ ಹೊಟ್ಟೆಗೂ ಅಲ್ಲ."

ಹಿಮ ಬಂದ ದಿನ ಅವನಿಗೆ ತಿಳಿಯಿತು.

ಹಡಗು ಹಿಮವನ್ನು ಕೊಯ್ಯಲಿಲ್ಲ. ಮೂತಿ ಎತ್ತಿ ಅದರ ಮೇಲೆ ಹತ್ತಿತು. ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಮೈಯ ಭಾರವನ್ನೆಲ್ಲ ಕೆಳಗೆ ಬಿಟ್ಟಿತು.

ಬಿಳಿ ಬಯಲಿನಲ್ಲಿ ಒಂದು ಕಪ್ಪು ಗೆರೆ ಕಣ್ಣು ಹೋಗುವಷ್ಟು ದೂರ ಓಡಿತು. ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು.

ರೋಶನ್ ಶಿಲುಬೆಯ ಗುರುತು ಹಾಕಿಕೊಂಡ. ಬಂಗೇರರಂತೂ ಹಡಗನ್ನು ಬೇರೆ ಯಾರೋ ಮಾಡಿದ್ದೆಂಬಂತೆ ನೋಡುತ್ತಾ ನಿಂತರು.

ಮರುದಿನ ಎಂಜಿನ್‌ಗಳು ಬಿಸಿಯಾದವು.

ಸುತ್ತ ಲೋಕದಲ್ಲೇ ತಣ್ಣನೆಯ ಕಡಲು. ಒಳಗೆ ಎಂಜಿನ್ ಜ್ವರ ಬಂದವರ ಹಾಗೆ ಸುಡುತ್ತಿತ್ತು. ಅದನ್ನು ತಣಿಸುವುದು ಸಮುದ್ರದ ನೀರು. ಹಡಗಿನ ಅಡಿಯಲ್ಲಿರುವ ಬಾಯಿಯಿಂದ ಪಂಪು ಅದನ್ನು ಒಳಗೆಳೆಯಬೇಕು. ಈಗ ಆ ಬಾಯಿಗೆ ಬರುತ್ತಿದ್ದದ್ದು ನೀರಲ್ಲ, ಹಿಮದ ಗಂಜಿ.

ರೋಶನ್ ನೀರು ಬರುವ ಪೈಪಿನ ಜಾಲರಿ ಬಿಚ್ಚಿ ಗಂಜಿ ಬಾಚಿ ತೆಗೆದ. ಜಾಲರಿ ಕೂರಿಸುವಷ್ಟರಲ್ಲಿ ಮತ್ತೆ ತುಂಬಿತು. ಮತ್ತೆ ಬಾಚಿದ. ಕೈ ಮರಗಟ್ಟಿತು, ಹಣೆಯಲ್ಲಿ ಬೆವರು. ಇದ್ದ ಎರಡು ಎಂಜಿನ್‌ಗಳಲ್ಲಿ ಒಂದನ್ನು ನಿಲ್ಲಿಸಬೇಕಾಯಿತು. ಇನ್ನೊಂದೂ ನಿಂತರೆ ನಾವೂ ಈ ಹಿಮದ ಸಾಮಾನೇ ಎಂದು ಕ್ಯಾಪ್ಟನ್ ಮೇಲಿಂದ ಫೋನಿನಲ್ಲಿ ಹೇಳಿದರು. ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಒಂದೇ ಎಂಜಿನ್ನಿನ ಬಲ ಹಿಮಕ್ಕೆ ಸಾಲದೆ ಹಡಗು ನಿಂತಿತು. ಒಡೆದು ಬಂದ ದಾರಿ ಹಿಂದಿನಿಂದ ಸದ್ದಿಲ್ಲದೆ ಮುಚ್ಚಿಕೊಳ್ಳತೊಡಗಿತು. ಮುಂದೆ, ನೆಲೆಯಲ್ಲಿ, ಆ ಹೆಂಗಸು ಕಾಯುತ್ತಿದ್ದಳು.

ಬಂಗೇರರು ಏಣಿ ಇಳಿದು ಬಂದರು. ಒಂದೇ ಪ್ರಶ್ನೆ ಕೇಳಿದರು.

"ಬಿಸಿನೀರಿನ ವಾಲ್ವ್?"

ಎಂಜಿನ್ ತಣಿಸಿ ಬಿಸಿಯಾದ ನೀರು ಹೊರಕ್ಕೆ ಹೋಗುತ್ತದೆ. ಅದರಲ್ಲಿ ಒಂದು ಪಾಲನ್ನು ತಿರುಗಿ ನೀರು ಎಳೆಯುವ ಬಾಯಿಗೇ ತರಲು ಬಂಗೇರರು ಒಂದು ಪೈಪು ಇಟ್ಟಿದ್ದರು. ಅದರ ವಾಲ್ವ್ ಅದು.

"ಮುಚ್ಚಿದ್ದೇನೆ ಸರ್," ಎಂದ ರೋಶನ್. "ಸೆಕೆಯ ಕಡಲಲ್ಲಿ ಮುಚ್ಚಲಿಕ್ಕೆ ನೀವೇ ಹೇಳಿದ್ದು. ಅಲ್ಲಿಂದ ತೆರೆದೇ ಇಲ್ಲ. ತಣ್ಣಗಿನ ನೀರು ಬೇಕಾದ ಜಾಗಕ್ಕೆ ಬಿಸಿನೀರು ಹೊಯ್ತಾರಾ ಯಾರಾದ್ರೂ?"

ಹೇಳುವಾಗ ಅವನಿಗೆ ತುಸು ಹೆಮ್ಮೆಯೂ ಇತ್ತಂತೆ. ಓದಿದವರ ತಪ್ಪುಗಳಿಗೆ ಯಾವಾಗಲೂ ಕಾರಣ ಇರುತ್ತದೆ.

ಗುರು ಜಾಲರಿಯ ಪಕ್ಕದ ಬಕೆಟ್ಟಿನಿಂದ ಒಂದು ಲೋಟ ಹಿಮದ ಗಂಜಿ ಎತ್ತಿದರು. ಜೇಬಿನಿಂದ ಜ್ಯೂಸ್ ಪೊಟ್ಟಣದ ಸ್ಟ್ರಾ ತೆಗೆದು ಅದರಲ್ಲಿ ಚುಚ್ಚಿದರು.

"ಹೀರು."

"ಸರ್, ಈಗ?"

"ಈಗಲೇ."

ಲೋಟವನ್ನು ಅವನ ಬಾಯಿಯ ಹತ್ತಿರ ಹಿಡಿದರು.

ರೋಶನ್ ಹೀರಿದ. ಕೆನ್ನೆ ಒಳಕ್ಕೆ ಹೋಯಿತು, ನೀರು ಬರಲಿಲ್ಲ. ಇನ್ನೂ ಜೋರಾಗಿ ಹೀರಿದ. ಸ್ಟ್ರಾ ಚಪ್ಪಟೆಯಾಯಿತು.

"ಇಷ್ಟು ತಣ್ಣಗಿದೆಯಲ್ಲ," ಎಂದರು ಗುರು. "ಕುಡಿ."

ರೋಶನ್‌ಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಉಸಿರು ತುಂಬಿಕೊಂಡು ಸ್ಟ್ರಾದೊಳಕ್ಕೆ ಊದಿದ. ಉದ್ದಕ್ಕೆ, ಎದೆ ಖಾಲಿಯಾಗುವವರೆಗೆ.

ಲೋಟದೊಳಗೆ ಉಸಿರಿನ ಬಿಸಿಗೆ ಗಂಜಿ ಕರಗಿ ಒಂದು ಸಣ್ಣ ಗುಳಿ ಬಿತ್ತು. ಹೀರಿದ. ಬಾಯಿ ತುಂಬ ಉಪ್ಪುನೀರು ಬಂತು.

ಅವನು ಅದನ್ನು ಉಗಿಯಲೂ ಇಲ್ಲ, ನುಂಗಲೂ ಇಲ್ಲ. ಕೆನ್ನೆ ಉಬ್ಬಿಸಿಕೊಂಡೇ ಓಡಿದ.

ವಾಲ್ವ್ ಬಿಗಿದುಕೊಂಡಿತ್ತು. ಇಬ್ಬರೂ ಸೇರಿ ತಿರುಗಿಸಿದರು. ಪೈಪಿನೊಳಗೆ ಬಿಸಿನೀರು ಹರಿದ ಸದ್ದು ಕೇಳಿಸಿತು. ಎಂಜಿನ್ ಬೇಡವೆಂದು ಹೊರಹಾಕಿದ ಬಿಸಿ ಅದರ ಬಾಯಿಗೇ ಬಂದು, ಹಿಮದ ಗಂಜಿಯನ್ನು ನೀರು ಮಾಡಿತು. ಪಂಪು ಒಮ್ಮೆ ಕೆಮ್ಮಿತು. ಆಮೇಲೆ ಕುಡಿಯತೊಡಗಿತು.

ಬಿಸಿ ಇಳಿಯಿತು. ನಿಂತ ಎಂಜಿನ್ ಮತ್ತೆ ಎದ್ದಿತು. ಹಡಗು ನಾಲ್ಕು ಮಾರು ಹಿಂದೆ ಸರಿದು, ಮೂತಿ ಎತ್ತಿ, ಹಿಮದ ಮೇಲೆ ಹತ್ತಿತು.

ರೋಶನ್ ಆ ಪೈಪಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಹೊರಗೆ ಕಬ್ಬಿಣವನ್ನೇ ಗಾಜಿನ ಹಾಗೆ ಪುಡಿ ಮಾಡಬಲ್ಲ ಚಳಿ. ಅಂಗೈ ಕೆಳಗೆ ಅಷ್ಟೇ ಅಷ್ಟು ಬೆಚ್ಚಗೆ. ಇಡೀ ಹಡಗು, ಅದರೊಳಗಿನ ಉಸಿರುಗಳೆಲ್ಲ, ಅಷ್ಟು ಬಿಸುಪಿನ ಮೇಲೆ ನಿಂತಿದ್ದವು.

ಆ ಹೆಂಗಸನ್ನು ಹಿಮದ ಅಂಚಿನಿಂದ ಸ್ಟ್ರೆಚರಿನಲ್ಲಿ ಹತ್ತಿಸಿಕೊಂಡರು. ಆಕೆ ಕಣ್ಣು ತೆರೆದು ಹಡಗಿನ ಎತ್ತರವನ್ನು ನೋಡಿದಳು. ಇದು ಇಷ್ಟು ಮಂಜುಗಡ್ಡೆಯ ಮೇಲೆ ಹೇಗೆ ಬಂತು ಎಂದು ಕೇಳಿದಳಂತೆ.

ಹಡಗು ಊರಿನ ಕಡೆ ತಿರುಗಿದ ದಿನ ರೋಶನ್ ಕೆಂಪು ಬಣ್ಣ, ಕುಂಚ ಹಿಡಿದು ವಾಲ್ವಿನ ಮುಂದೆ ಕೂತಿದ್ದ.

"ಎಂತ ಬರೀತಿ?" ಎಂದರು ಬಂಗೇರರು.

"'ಎಂದೂ ಮುಚ್ಚಬಾರದು' ಅಂತ. ನನ್ನ ನಂತರ ಬರುವವನು ಈ ತಪ್ಪು ಮಾಡಬಾರದಲ್ಲ ಸರ್."

"ಊರಿಗೆ ಹೋಗುವ ದಾರಿಯಲ್ಲಿ ಎಂತ ಸಿಗ್ತದೆ?"

"ಸೆಕೆಯ ಕಡಲು."

"ಅಲ್ಲಿ?"

"ಮುಚ್ಚಬೇಕು," ಎಂದ ರೋಶನ್. ಕುಂಚ ಕೆಳಗಿಟ್ಟ.

"ಹಾಗಾದ್ರೆ ಅವನಿಗೆ ನಾನು ಎಂತ ಹೇಳಿ ಹೋಗ್ಲಿ ಸರ್?"

"ಮೊದಲು ನೀರು ಮುಟ್ಟಿ ನೋಡು ಅಂತ ಹೇಳು," ಎಂದರು ಗುರು. "ಅವನ ನಂತರದವನಿಗೂ ಹೇಳ್ಲಿಕ್ಕೆ ಹೇಳು."