ಮೂಗಿಯ ಕಣ್ಣು

ಇಟಲಿಯ ಬೆಟ್ಟದ ಸೀಮೆಯೊಂದರಲ್ಲಿ, ನದಿಯ ದಂಡೆಗೆ, ಸನ್ಯಾಸಿನಿಯರ ಚಿಕ್ಕ ಮಠವಿತ್ತು. ಮಠಕ್ಕೊಂದು ದ್ರಾಕ್ಷಿ ತೋಟ. ತೋಟ ನೋಡಿಕೊಳ್ಳಲು ಓರ್ಸೊಲಾ ಎಂಬ ವೃದ್ಧೆ. ಅವಳ ಬಳಿ ಕಲಿಯಲು ಬಂದವಳು ಲೀವಿಯಾ.

ಲೀವಿಯಾ ಬರಿದೇ ಬಂದವಳಲ್ಲ. ದ್ರಾಕ್ಷಿಯ ಬಗ್ಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿ, ಯಾರ ಹಂಗೂ ಇಲ್ಲದೆ ಕಲಿತೆನೆಂಬ ಬಿಗುಮಾನ ಹೊತ್ತು ಬಂದಿದ್ದಳು.

ಆ ಸೀಮೆಗೆ ಹೆಸರು ತಂದದ್ದು ಒಂದೇ ಒಂದು ಕೆಂಪು ದ್ರಾಕ್ಷಿ. ಸುತ್ತಲ ಬೆಟ್ಟಗಳ ತುಂಬ ಅದೇ. ಮಠದ ಗೋಡೆಯ ಪಕ್ಕ ಮಾತ್ರ ಹನ್ನೆರಡು ಹಳೆಯ ಬಳ್ಳಿಗಳ ಸಾಲೊಂದು ಬೇರೆಯಾಗಿತ್ತು.

"ಇದು ಯಾವ ಜಾತಿ, ಅಮ್ಮ?"

"ಮೂತೊಲಾ ಅನ್ನುತ್ತೇವೆ. ಮೂಗಿ ಅಂತ."

"ಯಾವ ಪುಸ್ತಕದಲ್ಲೂ ಇಲ್ಲವಲ್ಲ!"

"ಮೂಗಿ ತಾನೇ? ಯಾರ ಹತ್ತಿರವೂ ಹೋಗಿ ಹೇಳಿಕೊಂಡಿಲ್ಲ."

ಚಳಿಗಾಲದ ಕೊನೆಯಲ್ಲಿ ಬಳ್ಳಿ ಸವರುವ ಕೆಲಸ ಬಂತು. ಕಡ್ಡಿಯ ಮೇಲೆ ಚಿಗುರೊಡೆಯುವ ಮೊಗ್ಗಿಗೆ ಕಣ್ಣು ಎನ್ನುತ್ತಾರೆ. ಬುಡದಲ್ಲಿ ಕೆಲವು ಕಣ್ಣು ಬಿಟ್ಟು ಮಿಕ್ಕದ್ದನ್ನು ಕತ್ತರಿಸಬೇಕು. ಲೀವಿಯಾ ಯಾರನ್ನೂ ಹತ್ತಿರ ಸೇರಿಸದೆ ಒಬ್ಬಳೇ ಕತ್ತರಿಸುತ್ತ ಬಂದಳು.

"ಎಷ್ಟು ಕಣ್ಣು ಬಿಡುತ್ತಿದ್ದೀಯ?" ಓರ್ಸೊಲಾ ಕೇಳಿದಳು.

"ಎಲ್ಲಕ್ಕೂ ಎರಡು."

"ಮೂಗಿಗೂ?"

"ಬಳ್ಳಿ ಅಂದಮೇಲೆ ಬಳ್ಳಿಯೇ, ಅಮ್ಮ."

ಓರ್ಸೊಲಾ ಸಾಲಿನ ಹನ್ನೆರಡನೆಯ ಬಳ್ಳಿಯ ಬುಡಕ್ಕೆ ಹೋಗಿ ಕುಳಿತಳು.

"ಇದೊಂದನ್ನು ಮುಟ್ಟಬೇಡ. ನನಗೆ ನೆರಳಿಗೆ ಬೇಕು."

"ಈ ಚಳಿಯಲ್ಲಿ ನೆರಳೇ?"

"ಬೇಸಿಗೆ ಬರದೆ ಹೋಗುತ್ತದೆಯೇ?"

ಮುದುಕಿಯ ಹುಚ್ಚು ಎಂದುಕೊಂಡು ಲೀವಿಯಾ ಅದನ್ನು ಹಾಗೇ ಬಿಟ್ಟಳು.

ಹಣ್ಣಿನ ಕಾಲ ಬಂತು. ಉಳಿದ ಸಾಲುಗಳು ಗೊಂಚಲಿನ ಭಾರಕ್ಕೆ ಬಾಗಿದವು. ಲೀವಿಯಾ ಸವರಿದ ಹನ್ನೊಂದು ಮೂಗಿಯರ ಮೈತುಂಬ ಬರೀ ಎಲೆ. ಮುದುಕಿಯ ನೆರಳಿನ ಬಳ್ಳಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಮಠದ ಹಿರಿಯಮ್ಮ ಲೀವಿಯಾಳನ್ನು ಕರೆಸಿದರು. "ತಿಳಿದವಳು ನೀನು. ಮೂಗಿ ಮುದಿಯಾಗಿ ಬಂಜೆಯಾದಳು ಎಂದರೆ ಹೇಳು, ಸಾಲನ್ನೇ ಕೀಳಿಸಿ ಹೆಸರಿರುವ ದ್ರಾಕ್ಷಿ ನೆಡಿಸುತ್ತೇನೆ."

"ಬಂಜೆಯೇ," ಎಂದಳು ಲೀವಿಯಾ.

ಆ ಕಣಿವೆಯಲ್ಲಿ ಮೂಗಿಯ ಬಳ್ಳಿ ಬೇರೆಲ್ಲೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಸಾಲು ಕೀಳುವ ಆಳುಗಳು ಬರುವ ಮೊದಲೇ ಲೀವಿಯಾ ಕೊಡಲಿ ಹಿಡಿದು ಬಂದಳು. ಓರ್ಸೊಲಾ ತನ್ನ ಬಳ್ಳಿಯ ನೆರಳಿನಲ್ಲಿ ಕುಳಿತಿದ್ದಳು.

"ಬಂದೆಯಾ? ಕೊಡಲಿ ಕೆಳಗಿಡು. ಹಸಿದ ಹೊಟ್ಟೆಯಲ್ಲಿ ಕಡಿಯಬಾರದು."

ರೊಟ್ಟಿಯ ತುಂಡಿನ ಜೊತೆ ಒಂದು ಗೊಂಚಲು ಕೊಟ್ಟಳು. ಸಣ್ಣ ಹಣ್ಣು, ಕಡುಗಪ್ಪು, ಮೇಲೆ ಬೂದಿ ಸವರಿದ ಹಾಗೆ. ಬಾಯಿಗಿಟ್ಟರೆ ಮೊದಲು ಒಗರು. ಆಮೇಲೆ ನೆನೆದ ಮಣ್ಣಿನ ವಾಸನೆ. ನುಂಗಿ ಎಷ್ಟೋ ಹೊತ್ತಾದ ಮೇಲೆ ಸಿಹಿ.

ಲೀವಿಯಾ ತಿನ್ನುವುದನ್ನು ನಿಲ್ಲಿಸಿದಳು. "ಇಂಥದ್ದನ್ನು ನಾನು ತಿಂದೇ ಇಲ್ಲ. ಎಲ್ಲಿಂದ ತಂದಿರಿ?"

ಓರ್ಸೊಲಾ ಬೆರಳನ್ನು ಮೇಲಕ್ಕೆತ್ತಿದಳು.

ಎಲೆ ಸರಿಸಿದರೆ ತಲೆಯ ಮೇಲೆಲ್ಲ ಗೊಂಚಲು. ಲೀವಿಯಾ ಎದ್ದು ನಿಂತು, ಕಳೆದ ವರ್ಷದ ಕಡ್ಡಿಯೊಂದನ್ನು ಹಿಡಿದು ಬುಡದಿಂದ ಎಣಿಸಿದಳು. ಮೊದಲನೆಯ ಕಣ್ಣು ಬರಿದು. ಎರಡನೆಯದು ಬರಿದು. ಮೂರು, ನಾಲ್ಕು, ಅವೂ ಬರಿದು. ಐದನೆಯದರಿಂದ ಹಣ್ಣು.

ಇನ್ನೊಂದು ಕಡ್ಡಿ ಎಣಿಸಿದಳು. ಅಲ್ಲೂ ಐದನೆಯದರಿಂದ.

"ಹಾಗಾದರೆ ಅವತ್ತು ನಾನು ಕತ್ತರಿಸಿ ಎಸೆದದ್ದು..."

"ಅಡುಗೆಮನೆಯ ಒಲೆಗೆ ಹೋಯಿತು. ಚೆನ್ನಾಗಿ ಉರಿಯಿತು."

"ಅವತ್ತೇ ಯಾಕೆ ಹೇಳಲಿಲ್ಲ, ಅಮ್ಮ?"

"ನೀನು ಕೇಳಲಿಲ್ಲ."

ತೋಟದ ಬಾಗಿಲಲ್ಲಿ ಸದ್ದಾಯಿತು. ಹಿರಿಯಮ್ಮ ಗುದ್ದಲಿಯ ಆಳುಗಳೊಂದಿಗೆ ಬಂದು ನಿಂತಿದ್ದರು. ಲೀವಿಯಾ ಓರ್ಸೊಲಾಳ ಮುಖ ನೋಡಿದಳು. ಮುದುಕಿ ರೊಟ್ಟಿ ಮುರಿಯುತ್ತಿದ್ದಳು. ತಪ್ಪಾಯಿತು ಎಂಬ ಮಾತನ್ನು ಲೀವಿಯಾ ಹುಟ್ಟಿದಾಗಿನಿಂದ ಯಾರಿಗೂ ಆಡಿದವಳಲ್ಲ.

ಅರ್ಧ ತಿಂದ ಗೊಂಚಲನ್ನೇ ಹಿಡಿದು ಬಾಗಿಲ ತನಕ ನಡೆದಳು. ದಾರಿ ಬಹಳ ಉದ್ದವಾಗಿತ್ತು.

"ಬಂಜೆ ಎಂದವಳು ನಾನು," ಎಂದಳು. "ಬಂಜೆ ಮಾಡಿದವಳೂ ನಾನೇ. ತಪ್ಪಾಯಿತು. ಇವರನ್ನು ವಾಪಸು ಕಳಿಸಿ."

ಹಿರಿಯಮ್ಮ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. ಒಗರಿಗೆ ಮುಖ ಕಿವುಚಿ, ಸಿಹಿ ಬಂದಾಗ ಇನ್ನೊಂದು ಕಿತ್ತರು. ಆಮೇಲೆ ಆಳುಗಳನ್ನು ಕಳಿಸಿಬಿಟ್ಟರು.

ಮತ್ತೆ ಚಳಿಗಾಲ ಬಂತು. ಮೂಗಿಯ ಸಾಲಿನ ಹನ್ನೆರಡು ಬಳ್ಳಿಗಳಿಗೂ ಲೀವಿಯಾ ಉದ್ದುದ್ದ ಕಡ್ಡಿ ಬಿಟ್ಟು ಕಟ್ಟಿದಳು. ಕೆಲಸ ಮುಗಿಸಿ ಓರ್ಸೊಲಾಳ ಜೊತೆ ಇಳಿಯುವಾಗ, ನದಿಯ ಅಂಚಿನ ಪೊದೆಯೊಳಗೆ ಇನ್ನೊಂದು ಬಳ್ಳಿ ಕಂಡಿತು. ಎರಡು ಒಣಗಿದ ಕೆಂಪು ಕಾಯಿ ಇನ್ನೂ ಅಂಟಿಕೊಂಡಿದ್ದವು. ಅದಕ್ಕೆ ಮೂಗಿ ಎಂಬಷ್ಟು ಹೆಸರೂ ಇರಲಿಲ್ಲ.

ಅವಳು ಕತ್ತರಿ ತೆಗೆದಳು. ತೆಗೆದ ಕೈ ನಿಂತಿತು.

"ಅಮ್ಮ, ಇದಕ್ಕೆ ಎಷ್ಟು ಕಣ್ಣು ಬಿಡಲಿ?"

ಓರ್ಸೊಲಾ ಅವಳ ಕೈಯಿಂದ ಕತ್ತರಿಯನ್ನು ಮೆಲ್ಲಗೆ ತೆಗೆದುಕೊಂಡಳು.

"ಮೊದಲು ನಿನ್ನೆರಡು ಕಣ್ಣು ಬಿಡು."